ತಂತಿಯಡಿಯ ನೂಲು

ಚಟ್ಟಕ್ಕೆ ಕೊನೆಯ ಚೆಂಡುಹೂವಿನ ಸರ ಸುತ್ತಿ ಗಂಟು ಬಿಗಿಯುತ್ತಿದ್ದ ಮುತ್ತುಸಾಮಿ ತಲೆಯೆತ್ತಿ ನೋಡಿದರೆ, ಅಪ್ಪ ಗೋಡೆಯ ಗೂಟದಿಂದ ತಂಬೂರಿ ಇಳಿಸಿಕೊಂಡು ಅಂಗಳಕ್ಕೆ ಬರುತ್ತಿದ್ದರು.

"ಅಯ್ಯಯ್ಯೋ," ಎಂದು ಅವನು ಹೆಂಡತಿಯ ಕಡೆ ತಿರುಗಿದ. "ಈಗ ಅದ್ನ ಹಿಡ್ಕಂಡು ಕುಂತ್ರೆ ಹೊತ್ತು ಮುಳುಗ್ತದೆ, ಪಳನಿ."

"ಮುಳುಗ್ಲಿ ಬುಡಿ. ಕಲ್ಯಾಣ ಸಾವು ಇದು," ಎಂದಳು ಪಳನಿಯಮ್ಮಾಳ್.

ಅವಳ ಅತ್ತೆ ನಾಗಮ್ಮಾಳ್ ಮರಿಮೊಮ್ಮಕ್ಕಳನ್ನು ಎತ್ತಿ ಆಡಿಸಿ, ನಿನ್ನೆ ಸಂಜೆ ಎರಡನೇ ಸಲ ಕೂಳು ಬಡಿಸಿಕೊಂಡು ಉಂಡು, ಮಲಗಿದಲ್ಲೇ ಹೋಗಿದ್ದರು. ಇಂಥ ಸಾವಿಗೆ, ತಮಿಳು ಸೀಮೆಯ ಈ ಕನ್ನಡದವರ ಊರು ಕಾಮಯಗೌಂಡನ್‌ಪಟ್ಟಿಯಲ್ಲಿ, ಅಳುವುದಕ್ಕಿಂತ ಕುಣಿಯುವುದೇ ಹೆಚ್ಚು. ಮೊಮ್ಮಕ್ಕಳು ಹೊಸ ರುಮಾಲು ಸುತ್ತಿದ್ದರು. ದಾರಿಗೆ ಎರಚುವ ಪುರಿ ಮೊರಗಳಲ್ಲಿ ಕಾಯುತ್ತಿತ್ತು. ತಮಟೆಯ ಮಾಯಾಂಡಿ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿಮಾಡಿ, ಎರಡು ಸಲ ಬಾರಿಸಿ ಬೀದಿಯನ್ನೇ ಕುಣಿಸಿಯೂ ಆಗಿತ್ತು.

"ಕಿಳಂಬಲಾಮಾ ಸಾಮಿ?" ಹೊರಡೋಣವೇ ಎಂದು ಅವನು ತಮಿಳಿನಲ್ಲಿ ಕೇಳಿದ.

"ಇರಪ್ಪಾ," ಎಂದರು ಪಿಚ್ಚೈ ಗೌಡರು. ಹೆಂಡತಿಯ ತಲೆಯ ಬಳಿ ಚಾಪೆಯ ಮೇಲೆ ಕೂತು ತಂಬೂರಿಯನ್ನು ತೊಡೆಗೆ ಒರಗಿಸಿಕೊಂಡರು.

ತಂಬೂರಿಯ ಬುರುಡೆಯ ಮೇಲೆ ಕುದುರೆ ಎನ್ನುವ ಸಣ್ಣ ಮರದ ತುಂಡು. ನಾಲ್ಕು ತಂತಿಗಳೂ ಅದರ ಬೆನ್ನ ಮೇಲೆ ಹಾದುಹೋಗುತ್ತವೆ. ತಂತಿಗೂ ಕುದುರೆಗೂ ನಡುವೆ ಒಂದೊಂದು ನೂಲೆಳೆ ಸಿಕ್ಕಿಸಬೇಕು. ಅದಕ್ಕೆ ಜೀವಾ ಅನ್ನುತ್ತಾರೆ. ನೂಲು ಕೂದಲೆಳೆಯಷ್ಟು ಆಚೀಚೆಯಾದರೂ ನಾದ ಸಾಯುತ್ತದೆ. ಸರಿಯಾದ ಜಾಗಕ್ಕೆ ಬಂದರೆ ತಂತಿ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಆ ಜಾಗ ಹುಡುಕುವುದು ಪಿಚ್ಚೈ ಗೌಡರ ಬೆರಳು, ಸಿಕ್ಕಿತೆಂದು ಹೇಳುವುದು ನಾಗಮ್ಮಾಳ ಕಿವಿ. ಊರಿಗೆಲ್ಲ ಗೊತ್ತಿದ್ದ ಸಂಗತಿ.

"ಇನ್ಯಾರು ಹೇಳ್ತಾರೆ ನಿಮ್ಗೆ!" ಎಂದು ಹೆಂಗಸರ ಗುಂಪಿನಲ್ಲಿ ಒಬ್ಬ ಮುದುಕಿ ಅದೇ ಮಾತನ್ನು ಹಿಡಿದು ರಾಗವಾಗಿ ಅಳತೊಡಗಿದಳು.

*

ನಾಗಮ್ಮಾಳ್ ಮದುವೆಯಾಗಿ ಈ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ. ಜಗಲಿಯಲ್ಲಿ ಭಜನೆಯವರು ಸೇರಿದ್ದರು. ಪಿಚ್ಚೈ ಮದುರೆಯಿಂದ ತಂದ ಹೊಸ ತಂಬೂರಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಮೀಟುತ್ತಿದ್ದ.

"ಹೊಟ್ಟೆ ಕಟ್ಕಂಡದೆ!" ಎಂದು ಒಳಗಿಂದ ಹೆಣ್ಣುದನಿ ಕೇಳಿತು.

ಒಲೆಯ ಮುಂದಿದ್ದ ಅತ್ತೆಯ ಕೈಯ ಸೌಟು ಅಲ್ಲೇ ನಿಂತಿತು. ಹೊಸ ಸೊಸೆ ಹಿರಿಯರ ಎದುರು ಕೆಮ್ಮುವುದೂ ಇಲ್ಲದ ಕಾಲ.

"ಯಾರ್ಗಮ್ಮಾ?" ಎಂದರು ಭಜನೆಯ ಹಿರಿಯರು.

"ತಂಬೂರಿಗೆ. ನೂಲು ಒಸಿ ಹಿಂದಕ್ಕೆ ತಳ್ಳಕ್ಕೇಳಿ."

ಪಿಚ್ಚೈ ಮುಖ ಕೆಂಪಗೆ ಮಾಡಿಕೊಂಡು ತಳ್ಳಿದ. ತಂತಿ ಬಾಯಿಬಿಟ್ಟಿತು. ಹಿರಿಯರು ತೊಡೆ ತಟ್ಟಿಕೊಂಡು ನಕ್ಕರು. ಆವತ್ತಿನಿಂದ ಒಳಗಿನ ಅಪ್ಪಣೆ ಸಿಗದೆ ಆ ಜಗಲಿಯಲ್ಲಿ ಭಜನೆ ಸುರುವಾದದ್ದಿಲ್ಲ. ಮುತ್ತುಸಾಮಿ ಹುಟ್ಟುವ ದಿನ, ಗಾಬರಿ ತಡೆಯಲಾರದೆ ಪಿಚ್ಚೈ ಹೊರಗೆ ತಂಬೂರಿ ಹಿಡಿದು ಕೂತಿದ್ದಾಗ, ನೋವಿನ ಕೂಗಿನ ನಡುವೆಯೇ "ಮುಂದಕ್ಕೆ!" ಎಂಬ ಇನ್ನೊಂದು ಕೂಗು ಬಂತು. ಸೂಲಗಿತ್ತಿ ಕೂಸಿಗೆ ಹೇಳಿದ್ದೆಂದುಕೊಂಡಳು.

*

ಪಿಚ್ಚೈ ಗೌಡರು ನೂಲು ಸರಿಸಿ ಮೀಟಿದರು. ಅಭ್ಯಾಸಬಲದಿಂದ ಹೆಂಡತಿಯ ಮುಖ ನೋಡಿದರು. ಮತ್ತೆ ಸರಿಸಿದರು, ಮತ್ತೆ ನೋಡಿದರು.

ಮುತ್ತುಸಾಮಿ ಬಂದು ಭುಜ ಮುಟ್ಟಿದ. "ಅಪ್ಪಾ, ಪೋದುಂ, ಸಾಕು. ಅವ್ವ ಹೇಳ್ದೆ ಅದು ಕೂಡಿ ಬರಾಕಿಲ್ಲ. ಏಳಿ."

ಪಳನಿಯಮ್ಮಾಳಿಗೆ ತಡೆಯಲಾಗಲಿಲ್ಲ. ಮಾವನ ಎದುರು ಕುಕ್ಕರುಗಾಲಲ್ಲಿ ಕೂತಳು.

"ಮಾವಾ, ಬೈಬ್ಯಾಡಿ. ಅತ್ತೆಗೆ ಐದಾರು ವರ್ಷದಿಂದ ಕಿವಿನೇ ಕೇಳ್ತಿರ್ಲಿಲ್ಲ. ಯಾರ್ಗೂ ಹೇಳ್ಬ್ಯಾಡ ಅಂತ ನನ್ ಕೈಲಿ ಆಣೆ ಇಕ್ಕುಸ್ಕಂಡಿದ್ರು. ನಿಮ್ ಮೊಕ ನೋಡಿ ಅಂದಾಜ್ಮ್ಯಾಲೆ ಹಿಂದಕ್ಕೆ, ಮುಂದಕ್ಕೆ ಅಂತಿದ್ರು. ಅಷ್ಟು ದಿನಾನೂ ಸರಿ ಮಾಡ್ದೋರು ನೀವೇ."

ರಾಗದ ಅಳು ನಿಂತಿತು. ಗೌಡರು ತಲೆ ಬಗ್ಗಿಸಿದರು. ಅವರ ಹೆಗಲು ಅಲುಗತೊಡಗಿದಾಗ ಮುತ್ತುಸಾಮಿ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಆದರೆ ಗೌಡರು ನಗುತ್ತಿದ್ದರು.

"ನಂಗೊತ್ತಿಲ್ವಾ ತಾಯಿ? ಮಾಯಾಂಡಿ ತಮಟೆ ಬೆನ್ನಿಂದೆ ಬಂದ್ರೂ ತಿರುಗ್ತಿರ್ಲಿಲ್ಲ ಅವ್ಳು. ಚೆಂದಾಗಿ ಕುಂತಿದ್ದ ನೂಲ್ನ ಹಿಂದಕ್ಕೆ ಅಂತಿದ್ಳು. ತಳ್ತಿದ್ದೆ. ಒಲೆ ಕಡೆ ತಿರುಗ್ತಿದ್ದಂಗೆ ಮೆಲ್ಲಗೆ ಎಳ್ಕಂಡು ಬರ್ತಿದ್ದೆ."

"ಅದ್ಕಾ ಭಜನೆ ಅಷ್ಟು ತಡ ಆಗ್ತಿದ್ದದ್ದು?" ಎಂದ ಮುತ್ತುಸಾಮಿ.

ಮೊದಲು ನಕ್ಕವಳು ಅಳುತ್ತಿದ್ದ ಮುದುಕಿಯೇ. ಆಮೇಲೆ ಅಂಗಳವೆಲ್ಲ ನಕ್ಕಿತು. ಪಳನಿಯಮ್ಮಾಳ್ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗೊತ್ತು ಅಂತ ಒಂದ್ ಮಾತು ಅಂದ್ಬುಡ್ಬಾರ್ದಿತ್ತಾ ಮಾವಾ?"

"ಅಂದಿದ್ರೆ ಬಾಯ್ಮುಚ್ಕಂಡು ಕೂರ್ತಿದ್ಳು. ಆ ಮೌನ ನಂಗೆ ಬ್ಯಾಡಾಗಿತ್ತು."

ಅವರು ತಲೆ ಬಾಗಿಸಿ ಕಿವಿಯನ್ನು ಬುರುಡೆಯ ಹತ್ತಿರ ತಂದರು. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಉಗುರಿನ ತುದಿಯಿಂದ ಒಂದೊಂದೇ ನೂಲನ್ನು ತಳ್ಳಿದರು, ಮೀಟಿದರು, ಇನ್ನಷ್ಟು ತಳ್ಳಿದರು. ನಾಲ್ಕನೆಯ ತಂತಿ ಕೂಡಿಕೊಂಡಾಗ ಚಾಪೆಯ ಅಂಚಿನಲ್ಲಿ ಕೂತಿದ್ದವರ ತೊಡೆಗೂ ಆ ಗುಂಯ್‌ಕಾರ ತಾಗಿತು.

"ಆಮಾ, ಹೌದು," ಎಂದರು ತಮಗೆ ತಾವೇ. "ಎತ್ರಪ್ಪಾ."

ಮಾಯಾಂಡಿಯ ತಮಟೆ ಸಿಡಿಯಿತು. ಮೊಮ್ಮಕ್ಕಳು ರುಮಾಲು ಬೀಸುತ್ತ ಬೀದಿಯುದ್ದಕ್ಕೂ ಕುಣಿದರು. ಗದ್ದೆಗಳಲ್ಲಿ ನಾಟಿ ಮಾಡುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ಕೈಮುಗಿದರು. ಸುಡುಗಾಡು ಹೊಳೆಯಾಚೆ. ಬೆಟ್ಟ ಕೊರೆದು ಆಚೆಯ ನೀರನ್ನು ಇತ್ತ ತಿರುಗಿಸಿದ ಮೇಲೆ ಹೊಳೆ ಮೊದಲಿನ ಹಾಗೆ ಬತ್ತುತ್ತಿರಲಿಲ್ಲ. ಈಗ ಸೊಂಟದ ಮಟ್ಟ ಹರಿಯುತ್ತಿತ್ತು. ಹೆಂಗಸರು ಈಚೆ ದಡದಲ್ಲೇ ನಿಂತರು. ಹೊತ್ತವರು ಚಟ್ಟವನ್ನು ತಲೆಯ ಮೇಲಕ್ಕೆತ್ತಿ ನೀರಿಗಿಳಿದರು. ಚರ್ಮ ನೆನೆಯದಿರಲೆಂದು ಮಾಯಾಂಡಿಯ ಗುಂಪಿನವರು ತಮಟೆಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಬಾರಿಸಲು ಯಾರಿಗೂ ಕೈ ಉಳಿಯಲಿಲ್ಲ. ನಡುಹೊಳೆಯಲ್ಲಿ ಪಿಚ್ಚೈ ಗೌಡರು ತಂಬೂರಿಯನ್ನು ಹೆಗಲ ಮೇಲೆ ಏರಿಸಿಕೊಂಡು, ಇಬ್ಬರು ಮೊಮ್ಮಕ್ಕಳು ರಟ್ಟೆ ಹಿಡಿದಿರಲು, ಒಂದೇ ಬೆರಳಿನಿಂದ ಮೀಟುತ್ತ ನಡೆದರು. ಎರಡೂ ದಡದ ನಡುವೆ ಆ ಒಂದೇ ನಾದ. ಎರಚಿದ ಪುರಿ ಅವರ ಸೊಂಟದ ಸುತ್ತ ಬೆಳ್ಳಗೆ ತಿರುಗಿ ತೇಲಿಹೋಗುತ್ತಿತ್ತು.