ಲೆಫ್ಟಿನೆಂಟರ ಎಡೆ

ಹೇಮಗಿರಿಯ ಹೊಳೆದಂಡೆಯಲ್ಲಿ ಲೆಫ್ಟಿನೆಂಟ್ ಶಂಕರನ ಹನ್ನೊಂದನೇ ದಿನದ ಎಡೆ ಇಟ್ಟು ಒಂದು ಗಂಟೆಯಾಗಿತ್ತು. ಮುದ್ದೆ, ಕೋಳಿಸಾರು, ಒಂದು ಗುಟುಕು ರಮ್ಮು, ಪಕ್ಕದಲ್ಲಿ ಯುದ್ಧದ ಪದಕ. ಎಲ್ಲ ಇತ್ತು, ಕಾಗೆ ಮಾತ್ರ ಇರಲಿಲ್ಲ. ಕಾಗೆ ಮುಟ್ಟದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಶೀಳನೆರೆಯಿಂದ ಬಂದ ನೆಂಟರ ಹೊಟ್ಟೆ ಚುರುಗುಟ್ಟುತ್ತಿತ್ತು.

ಪುಟ್ಟಗೌರಮ್ಮ ಖಾಲಿ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮರದ ನೆರಳಲ್ಲಿ ನಿರಾಳವಾಗಿ ಕೂತಿದ್ದಳು. ಐವತ್ಮೂರು ವರ್ಷ ಕಾದವಳಿಗೆ ಒಂದು ಗಂಟೆ ಯಾವ ಲೆಕ್ಕ?

ಶಂಕರ ಸರಕು ಹಡಗಿನ ನೌಕರ. ಎಪ್ಪತ್ತೊಂದರ ಯುದ್ಧಕ್ಕೆ ನೌಕಾದಳ ಅವನನ್ನು ಮೀಸಲು ಅಧಿಕಾರಿಯಾಗಿ ಕರೆಸಿಕೊಂಡಿತು. ಅವನಿದ್ದ ಯುದ್ಧದ ಹಡಗಿನ ಎಂಜಿನ್ ಕೋಣೆಯಲ್ಲೇ ಪುಟ್ಟಗೌರಮ್ಮನ ಗಂಡ ದಾಸಯ್ಯನೂ ಇದ್ದ. ಬಾಂಬು ಬಿದ್ದು ಹಡಗಿಗೆ ಬೆಂಕಿ ಹತ್ತಿತು. ಏಳು ಜನರನ್ನು ಎಳೆದು ತಂದವನು ತಾನು, ದಾಸಯ್ಯ ಹೆದರಿ ಸಮುದ್ರಕ್ಕೆ ಹಾರಿ ಓಡಿಹೋದ ಅಂತ ಶಂಕರ ಬರೆದುಕೊಟ್ಟ. ಪದಕ ಅವನ ಎದೆಗೇರಿತು. ಇವಳು ಓಡಿಹೋದವನ ಹೆಂಡತಿಯಾದಳು. ಎಲ್ಲೋ ಬದುಕಿರುವವನಿಗೆ ಎಡೆ ಇಡುವುದುಂಟೇ ಎಂದು ಅತ್ತೆ ತಿಥಿಯನ್ನೂ ಮಾಡಗೊಡಲಿಲ್ಲ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಂಕರ ಪದಕ ತೊಟ್ಟು ಬಾವುಟ ಹಾರಿಸುವಾಗ, ಅವನ ಬಾಯಿಗೆ ಮಣ್ಣು ಬೀಳಲೆಂದು ಅವಳು ತಪ್ಪದೆ ಶಾಪ ಹಾಕುತ್ತಿದ್ದಳು.

ಅವನು ಸಾಯುವ ಮೂರು ದಿನ ಮುಂಚೆ ಅವಳು ಹಾಲು ಕೊಡಲು ಹೋಗಿದ್ದಳು. ಜ್ವರದಲ್ಲಿ ಶಂಕರ ಬಡಬಡಿಸುತ್ತಿದ್ದ.

"ಬಾಗ್ಲು ಮುಚ್ರಲಾ. ದಾಸ ಎಂಟ್ನೇವುನ್ನ ತರಕ್ಕೋಗವ್ನೆ. ಇರ್ಲಿ, ಮುಚ್ರಿ."

ಶಂಕರನ ಮಗ ಕುಮಾರನೂ ಕೇಳಿಸಿಕೊಂಡ. "ಈ ಮಾತು ಹೊಸ್ತಿಲು ದಾಟೋದು ಬ್ಯಾಡ ದೊಡ್ಡವ್ವ" ಎಂದು ಕೈಮುಗಿದ. ಪುಟ್ಟಗೌರಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಈಗ ಅದೇ ಕುಮಾರ ಆಕಾಶಕ್ಕೆ ಕೈಮುಗಿದು ನಿಂತಿದ್ದ. "ಅವ್ವುನ್ನ ಚೆನ್ನಾಗಿ ನೋಡ್ಕತೀನಿ ಕಣಪ್ಪ. ಅರ್ಪಿತನ್ ಕೈ ಬುಡಾಕಿಲ್ಲ. ಬಂದು ಮುಟ್ಟಪ್ಪ." ತಂಗಿಯ ಹೆಸರು ಹೇಳಿದರೂ ಕಾಗೆಯ ಸುಳಿವಿಲ್ಲ.

ಊರಿನ ಹಿರಿಯ ಬೋರಯ್ಯನಿಗೆ ಹಸಿವು ತಡೆಯಲಾಗಲಿಲ್ಲ. "ಮನ್ಸಲ್ಲಿ ಏನೋ ಉಳಿಸ್ಕಂಡು ಓಗವ್ನೆ ಕಣ್ಲಾ. ಗೊತ್ತಿದ್ರೆ ಹೇಳ್ಬುಡು."

ಕುಮಾರ ಪುಟ್ಟಗೌರಮ್ಮನ ಕಡೆ ನೋಡಿದ. ಅವಳು ಅವನನ್ನೇ ದಿಟ್ಟಿಸುತ್ತಿದ್ದಳು.

"ಏಳು ಜನುನ್ನ ತಂದಿದ್ದು ನಮ್ಮಪ್ಪ ಅಲ್ಲ, ದಾಸಯ್ಯ ದೊಡ್ಡಪ್ಪ. ದೊಡ್ಡಪ್ಪ ಇನ್ನೂ ಒಳ್ಗಿದ್ದಂಗೇ ನಮ್ಮಪ್ಪ ಬಾಗ್ಲು ಮುಚ್ಚುಸ್ಬುಟ್ಟ."

ಅವಳನ್ನು ಎಷ್ಟೋ ಸಲ ಆಡಿಕೊಂಡಿದ್ದ ಬೋರಯ್ಯ ತಲೆಯ ಮೇಲಿನ ಟವೆಲ್ಲು ತೆಗೆದ. ಪುಟ್ಟಗೌರಮ್ಮನಿಗೆ ಅಳು ಬರಲಿಲ್ಲ. ಹೊಟ್ಟೆ ತಣ್ಣಗಾಯಿತು.

ಕುಮಾರ ಪದಕ ಎತ್ತಿಕೊಂಡು ಬಂದು ಅವಳ ಮಡಿಲಿಗಿಟ್ಟ. "ಈಗ್ಲಾದ್ರೂ ಕಾಗೆ ಬತ್ತದಾ ದೊಡ್ಡವ್ವ?"

"ಬರಾಕಿಲ್ಲ ಕಣಪ್ಪ" ಎಂದು ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಒತ್ತಾರೆನೇ ಬಂದು ನಿಮ್ ದೊಡ್ಡಪ್ಪಂಗೆ ಎಡೆ ಇಕ್ಕಿದೀನಿ. ಈ ದಂಡೆ ಮ್ಯಾಲಿರೋ ಕಾಗೆಗಳೆಲ್ಲ ಹೊಟ್ಟೆ ಬಿರಿಯಂಗೆ ತಿಂದೋದೊ. ನಿಮ್ಮಪ್ಪ ಕಾಯ್ಲಿ."