ಹಸಿರು ಕೋಳಿಗೆ ನಕ್ಷತ್ರವಿಲ್ಲ

ಕಾಂತಪ್ಪನವರ ಎಡಗೈಯಲ್ಲಿ ಎರಡು ಗಡಿಯಾರಗಳಿದ್ದವು. ಮಣಿಕಟ್ಟಿಗೆ ಹತ್ತಿರದ್ದು ಮೆಲ್ಬರ್ನಿನ ಕಾಲವನ್ನೂ ಅದರ ಮೇಲಿನದು ಉಡುಪಿಯ ಕಾಲವನ್ನೂ ತೋರಿಸುತ್ತಿತ್ತು. ಗಂಟೆ ಎಷ್ಟೆಂದು ಯಾರಾದರೂ ಕೇಳಿದರೆ ಎರಡನ್ನೂ ನೋಡಿ, ತುಟಿಯಲ್ಲೇ ಏನನ್ನೋ ಕಳೆದು ಕೂಡಿಸಿ, ಕೇಳಿದವನು ತನ್ನ ಫೋನನ್ನು ತೆಗೆದು ನೋಡಿ ಜೇಬಿಗಿಟ್ಟುಕೊಂಡ ಮೇಲೆ ಉತ್ತರ ಹೇಳುತ್ತಿದ್ದರು. ಎರಡು ಗಡಿಯಾರ ಕಟ್ಟಿದ ಮನುಷ್ಯನನ್ನು ಕಂಡರೆ ಲೋಕ ನಗುತ್ತದೆ. ನನಗೆ ನಗು ಬರಲಿಲ್ಲ, ಅನುಮಾನ ಬಂತು. ವಿಮಾ ಕಂಪನಿಯೊಂದರಲ್ಲಿ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಉದ್ಯೋಗ. ಕಳುವಾದ ಕಾರು, ಸುಟ್ಟ ಅಡುಗೆಮನೆ, ನಾಪತ್ತೆಯಾದ ವಜ್ರದ ಓಲೆ ಇವುಗಳ ನಡುವೆ ಹದಿನಾರು ವರ್ಷ ಕಳೆದವನು ನಾನು. ಅನುಮಾನವೇ ನನಗೆ ಅನ್ನ ಹಾಕುವ ದೇವರು.

ನನ್ನ ಹೆಂಡತಿ ನವ್ಯಾಳಿಗೆ ಅವರು ದೂರದ ಸಂಬಂಧದಲ್ಲಿ ಸೋದರಮಾವ. ಮೆಲ್ಬರ್ನಿನಲ್ಲಿ ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಅವರನ್ನು ನಾನು ಮೊದಲು ಕಂಡದ್ದು ಸಿಡ್ನಿಯ ಎಪ್ಪಿಂಗಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಮಗಳು ಆದ್ಯಾಳ ಹುಟ್ಟುಹಬ್ಬಕ್ಕೆ ಬಂದಿದ್ದಾಗ. ಜನವರಿಯ ಬಿಸಿಲು ಬಾಲ್ಕನಿಯನ್ನು ಕಾಯಿಸುತ್ತಿದ್ದರೂ ಕಂದುಬಣ್ಣದ ಉಣ್ಣೆಯ ಕೋಟು ತೊಟ್ಟೇ ಇದ್ದರು. ಕೋಟಿನ ಬಲಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. ಎಡಜೇಬಿನ ಬಾಯಿಯನ್ನು ದಪ್ಪ ದಾರದಿಂದ ಯಾರೋ ಹೊಲಿದುಬಿಟ್ಟಿದ್ದರು. ನಡಿಗೆಯೋ, ನೆಲ ಕುಸಿಯಬಹುದೆಂಬ ಎಚ್ಚರದಲ್ಲಿ ಇಡುವ ಹೆಜ್ಜೆಯ ನಡಿಗೆ. ಲಿಫ್ಟಿನ ಬಾವಿಗಳ ಮೇಲೆ ಬದುಕು ಸವೆಸಿದವರಿಗೆ ಅದು ಸಹಜವೇ ಇರಬೇಕು. ಮಾತಿನ ಕೊನೆಗೆ “ಅದು ಲೆಕ್ಕಕ್ಕೆ ಇಲ್ಲ” ಎಂದು ಸೇರಿಸುವುದು ಅವರ ಚಟ. ಪಾಯಸಕ್ಕೆ ಸಕ್ಕರೆ ಜಾಸ್ತಿಯಾಗಿದೆ ಎಂದು ನವ್ಯಾ ನೊಂದುಕೊಂಡರೆ, “ಹುಟ್ಟುಹಬ್ಬದ ಸಕ್ಕರೆ ಮಾರಾಯ್ತಿ, ಅದು ಲೆಕ್ಕಕ್ಕೆ ಇಲ್ಲ” ಎಂದು ಎರಡನೇ ಸಲ ಬಡಿಸಿಕೊಂಡರು.

ಊಟದ ಮೇಲೆ ನೋಟ್‌ಬುಕ್ಕು ಹೊರಬಂತು. ಜೊತೆಗೆ ಬಂದದ್ದು ಉಡುಪಿಯ ಕಾಲಕ್ಕೆ ಅಚ್ಚಾದ ಕುಕ್ಕುಟ ಪಂಚಾಂಗ. ನಾನು ಮೈಸೂರಿನವನು, ಕೋಳಿಗಳಿಗೊಂದು ಪಂಚಾಂಗ ಉಂಟೆಂಬುದೇ ನನಗೆ ಗೊತ್ತಿರಲಿಲ್ಲ. ತುಳುನಾಡಿನ ಕೋಳಿ ಅಂಕದಲ್ಲಿ ಕಾಲಿಗೆ ಬಾಳು ಎಂಬ ಪುಟ್ಟ ಕತ್ತಿ ಕಟ್ಟಿ ಹುಂಜವನ್ನು ಕಣಕ್ಕೆ ಬಿಡುವ ಮುಂಚೆ, ಆ ದಿನದ ನಕ್ಷತ್ರಕ್ಕೆ, ಸೂರ್ಯೋದಯದಿಂದ ಎಣಿಸಿದ ಆ ಹೊತ್ತಿಗೆ, ಯಾವ ಬಣ್ಣದ ಕೋಳಿಗೆ ಗೆಲುವೆಂದು ಬಲ್ಲವರು ಅದರಲ್ಲಿ ನೋಡುತ್ತಾರಂತೆ. ಕಾಂತಪ್ಪನವರು ಆ ವಿದ್ಯೆಯನ್ನು ಕ್ಯಾಸಿನೋದ ರೂಲೆಟ್ ಚಕ್ರಕ್ಕೆ ಕಟ್ಟಿದ್ದರು. ಚಕ್ರದಲ್ಲಿ ಕೆಂಪು ಮನೆಗಳು ಹದಿನೆಂಟು, ಕಪ್ಪು ಹದಿನೆಂಟು. ಉರುಳುವ ಗುಂಡು ಯಾವ ಬಣ್ಣದಲ್ಲಿ ನಿಲ್ಲುತ್ತದೋ ಆ ಬಣ್ಣಕ್ಕೆ ಹಣ ಹಾಕಿದವನಿಗೆ ಒಂದಕ್ಕೆ ಒಂದು ಲಾಭ.

“ಕೆಂಪು ಕೋಳಿ, ಕಪ್ಪು ಕೋಳಿ. ಚಕ್ರದಲ್ಲೂ ಅಂಕವೇ ನಡೆಯುದು ಹರ್ಷ,” ಎಂದರು. “ನಾಲ್ಕು ವರ್ಷದಲ್ಲಿ ಒಂದು ತಿಂಗಳೂ ಸೋತದ್ದಿಲ್ಲ. ಬೇಕಾದ್ರೆ ನೋಡು.”

ನೋಡಿದೆ. ಮುತ್ತು ಪೋಣಿಸಿದಂಥ ಕನ್ನಡ ಅಂಕಿಗಳು, ಪುಟದಿಂದ ಪುಟಕ್ಕೆ ಗೆಲುವೋ ಗೆಲುವು. ನಮ್ಮ ಕಸುಬಿನಲ್ಲಿ ಇಂಥ ಕಡತವನ್ನೇ ಮೊದಲು ಪಕ್ಕಕ್ಕೆ ತೆಗೆದಿಡುತ್ತೇವೆ. ನಿಜವಾಗಿ ಮನೆ ಸುಟ್ಟುಕೊಂಡವನ ರಸೀದಿಗಳಲ್ಲಿ ಒಂದಾದರೂ ಕಾಣೆಯಾಗಿರುತ್ತದೆ. ಎಲ್ಲವನ್ನೂ ಜೋಡಿಸಿ ತರುವವನ ಮನೆ ಸುಡುವ ಮೊದಲೇ ರಸೀದಿಗಳು ಹೊರಗಿದ್ದವೆಂದು ಅರ್ಥ. ಅಲ್ಲದೆ, ನಾಲ್ಕು ವರ್ಷ ಎಡೆಬಿಡದೆ ಗೆದ್ದ ಮನುಷ್ಯ ಮೆಲ್ಬರ್ನಿನ ಹೊರವಲಯದ ಗ್ಲೆನ್ ವೇವರ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಏಕಿದ್ದಾರೆ? ಸಿಡ್ನಿಗೆ ವಿಮಾನ ಬಿಟ್ಟು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಏಕೆ ಬಂದರು? ಕೇಳಬೇಕೆಂದು ಬಾಯಿ ತೆರೆದವನು, ನವ್ಯಾ ಕಣ್ಣು ಬಿಟ್ಟದ್ದನ್ನು ಕಂಡು ಸುಮ್ಮನಾದೆ.

ನಾನು ಸುಮ್ಮನಿರಬಾರದಿತ್ತು. ಸೋಫಾದ ಇನ್ನೊಂದು ತುದಿಯಲ್ಲಿ ನವ್ಯಾಳ ತಮ್ಮ ಲತೇಶ್ ಕೂತಿದ್ದ, ಅವನು ಎರಡು ತಾಸು ಫೋನ್ ಮುಟ್ಟಿರಲಿಲ್ಲ.

ಲತೇಶನೂ ಅವನ ಹೆಂಡತಿ ನಿರೀಕ್ಷಾಳೂ ರೌಸ್ ಹಿಲ್‌ನಲ್ಲಿ ಒಂದು ಮನೆಯ ಆಸೆ ಹೊತ್ತು ಆರು ವರ್ಷಗಳಿಂದ ದುಡ್ಡು ಕೂಡಿಡುತ್ತಿದ್ದರು. ಅವಳು ನರ್ಸ್, ವಾರಾಂತ್ಯದ ಡ್ಯೂಟಿಗಳನ್ನೆಲ್ಲ ಕೇಳಿ ಕೇಳಿ ಹಾಕಿಸಿಕೊಂಡು ಸೊಂಟನೋವು ತಂದುಕೊಂಡಿದ್ದಳು. ಎಂಬತ್ತು ಸಾವಿರ ಡಾಲರ್ ಕೂಡಿತ್ತು, ಮನೆಸಾಲಕ್ಕೆ ಮೊದಲು ಕಟ್ಟಬೇಕಾದ ಡಿಪಾಸಿಟ್ಟಿಗೆ ಇನ್ನೂ ನಲವತ್ತು ಬೇಕಿತ್ತು, ಮತ್ತು ಆ ನಲವತ್ತು ಪ್ರತಿ ವರ್ಷವೂ ನಲವತ್ತಾಗಿಯೇ ಉಳಿಯುವ ಹಾಗೆ ಮನೆಗಳ ಬೆಲೆ ಏರುತ್ತಿತ್ತು. ಹುಟ್ಟುಹಬ್ಬ ಕಳೆದು ಹದಿನೈದು ದಿನಕ್ಕೆ ಲತೇಶ್ ನನ್ನನ್ನು ಸ್ಟೇಷನ್ನಿನ ಬಳಿಯ ಕಾಫಿ ಅಂಗಡಿಗೆ ಕರೆದ.

“ಭಾವ, ನಾನು ಮೆಲ್ಬರ್ನಿಗೆ ಹೋಗ್ತಾ ಇದ್ದೇನೆ. ಮಾವನ ಮೆಥಡ್ ಟ್ರೈ ಮಾಡ್ಲಿಕ್ಕೆ. ಫಸ್ಟ್ ಎರಡು ಸಾವಿರ. ವರ್ಕ್ ಆದ್ರೆ ಪೂರ್ತಿ.”

“ಪೂರ್ತಿ ಅಂದ್ರೆ?”

“ಪೂರ್ತಿ ಅಂದ್ರೆ ಪೂರ್ತಿ. ನಿರೀಕ್ಷಾಗೆ ಹೇಳ್ಬೇಡಿ, ಪ್ಲೀಸ್.”

ಬೈದೆ. ಮೂವತ್ತೇಳನೆಯ ಮನೆಯೊಂದಿದೆ, ಅದು ಹಸಿರು, ಅದರಲ್ಲಿ ಸೊನ್ನೆ ಇದೆ, ಅಲ್ಲಿ ಗುಂಡು ನಿಂತರೆ ಕೆಂಪಿನವನದೂ ಕಪ್ಪಿನವನದೂ ಕ್ಯಾಸಿನೋಕ್ಕೇ ಹೋಗುತ್ತದೆ, ಹೀಗೆ ನೂರು ಡಾಲರಿಗೆ ಎರಡೂಮುಕ್ಕಾಲು ಡಾಲರಿನಷ್ಟು ಅವರು ಆಟಕ್ಕೆ ಮೊದಲೇ ಎತ್ತಿಟ್ಟುಕೊಂಡಿರುತ್ತಾರೆ, ಯಾವ ಮೆಥಡ್ಡೂ ಅದನ್ನು ಕರಗಿಸಲಾರದು ಎಂದು ಟಿಶ್ಯೂ ಕಾಗದದ ಮೇಲೆ ಬರೆದು ತೋರಿಸಿದೆ. ಅವನು ಆ ಟಿಶ್ಯೂವಿನಲ್ಲೇ ಬಾಯಿ ಒರೆಸಿಕೊಂಡ. ಕೊನೆಗೆ ನಾನೂ ಒಂದು ಟಿಕೆಟ್ ಬುಕ್ ಮಾಡಿದೆ. ಅಕ್ಕನ ಗಂಡನಾಗಿ ಕಟ್ಟಿಕೊಂಡ ಕರ್ಮ, ಇನ್ನೇನು ಹೇಳಲಿ!

ಗ್ಲೆನ್ ವೇವರ್ಲಿಯ ಮನೆಯಲ್ಲಿ ಪ್ರಫುಲ್ಲಾ ಅತ್ತೆ ಗೋಳಿಬಜೆ ಕರಿದಿಟ್ಟು ಕಾದಿದ್ದರು. ಹಳೆಯ ದೊಡ್ಡ ಮನೆಗೆಂದು ಮಾಡಿಸಿದ ಊಟದ ಮೇಜು ಆ ಪುಟ್ಟ ಕೋಣೆಯನ್ನು ತುಂಬಿಕೊಂಡಿದ್ದರಿಂದ, ಎದ್ದು ಹೋಗುವವರೆಲ್ಲ ಗೋಡೆಗೆ ಬೆನ್ನು ಒರೆಸಿಕೊಂಡೇ ಹೋಗಬೇಕಿತ್ತು. ನೋಟ್‌ಬುಕ್ಕಿನ ತಾರೀಕುಗಳೆಲ್ಲ ಶನಿವಾರದವು. ಶನಿವಾರ ಶನಿವಾರ ಮಾವ ಎಲ್ಲಿಗೆ ಹೋಗುತ್ತಾರೆಂದು ನಾನು ಹುಷಾರಾಗಿ ವಿಚಾರಿಸಿದೆ. “ಹೊಳೆ ನೋಡ್ಲಿಕ್ಕೆ,” ಎಂದರು ಅತ್ತೆ, ಬಾಣಲೆಯ ಕಡೆಗೆ ತಿರುಗಿ. ಕೋಟಿನ ಜೇಬು ಹೊಲಿದವರು ಯಾರೆಂದು ಕೇಳಿದೆ. “ನಾನೇ. ತೂತು ಬಿದ್ದಿತ್ತು.” ತೂತನ್ನು ಜೇಬಿನ ತಳದಲ್ಲಿ ಹೊಲಿಯುತ್ತಾರೆ, ಬಾಯಲ್ಲಿ ಅಲ್ಲ. ಅನುಮಾನ ಇಮ್ಮಡಿಯಾಯಿತು.

ಮೂವರೂ ಕ್ಯಾಸಿನೋ ಕಡೆಗೆ ಹೊರಟ ರೈಲಿನಲ್ಲಿ ನೋಟ್‌ಬುಕ್ಕನ್ನು ಇನ್ನೊಮ್ಮೆ ಕೇಳಿ ತೆಗೆದುಕೊಂಡೆ. ಈ ಸಲ ಗೆಲುವುಗಳನ್ನು ಬಿಟ್ಟು ಅಂಚುಗಳನ್ನು ಓದಿದೆ. ಪೆನ್ಸಿಲಿನಲ್ಲಿ, ಇರುವೆ ಗಾತ್ರದಲ್ಲಿ, ಪುಟಕ್ಕೆ ನಾಲ್ಕೈದು ಟಿಪ್ಪಣಿಗಳು: ‘ನಕ್ಷತ್ರ ನಡುವೆ ಬದಲಾಯಿತು, ಲೆಕ್ಕಕ್ಕೆ ಇಲ್ಲ.’ ‘ಚಕ್ರ ತಿರುಗಿಸುವ ಹುಡುಗಿ ಎಡಗೈಯವಳು, ಲೆಕ್ಕಕ್ಕೆ ಇಲ್ಲ.’ ‘ಮೋಡ; ಸೂರ್ಯೋದಯ ಸರಿಯಾಗಿ ಗೊತ್ತಾಗಲಿಲ್ಲ, ಲೆಕ್ಕಕ್ಕೆ ಇಲ್ಲ.’ ಒಂದು ವರ್ಷದ ಅಕ್ಟೋಬರ್ ತಿಂಗಳು ಪೂರ್ತಿ ಹೀಗೇ ಅಂಚಿಗೆ ಸರಿದಿತ್ತು.

“ಅಕ್ಟೋಬರಿಗೆ ಏನಾಯ್ತು ಮಾವ?”

“ಡೇಲೈಟ್ ಸೇವಿಂಗ್,” ಎಂದರು, ಎರಡೂ ಗಡಿಯಾರ ನೋಡುತ್ತ. “ಸರಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡ್ತದೆ. ಕೋಳಿ ಮುಂದೆ ಹೋಗ್ತದಾ? ನಾನು ಅದನ್ನು ಕಳೀಲಿಕ್ಕೆ ಮರ್ತೆ. ತಪ್ಪು ನಂದು, ಪಂಚಾಂಗದ್ದಲ್ಲ.”

ಸೋತದ್ದನ್ನೆಲ್ಲ ಅಂಚಿಗೆ ತಳ್ಳಿದರೆ ನಡುವೆ ಉಳಿಯುವುದು ಗೆಲುವೇ ತಾನೆ! ಲತೇಶನಿಗೆ ತೋರಿಸಿದೆ. “ಭಾವ, ಎವ್ರಿ ಸಿಸ್ಟಮ್‌ಗೆ ಎರರ್ ಕರೆಕ್ಷನ್ ಇರ್ತದೆ,” ಎಂದ ಆ ಸಾಫ್ಟ್‌ವೇರ್ ಪಂಡಿತ.

ಹೊಳೆಯ ದಂಡೆ ಬಂತು. ಕ್ಯಾಸಿನೋದ ಗಾಜಿನ ಬಾಗಿಲು ನೂರು ಹೆಜ್ಜೆ ದೂರವಿರುವಾಗಲೇ ಕಾಂತಪ್ಪನವರು ಒಂದು ಬೆಂಚಿನ ಮೇಲೆ ಕೂತುಬಿಟ್ಟರು, ರೂಢಿಯ ಜಾಗಕ್ಕೆ ಬಂದವರ ನಿರಾಳದಲ್ಲಿ. ಪಂಚಾಂಗ ತೆರೆದು, ಎರಡು ಗಡಿಯಾರ ನೋಡಿ, ಚೀಟಿಯೊಂದರ ಮೇಲೆ ‘ಹನ್ನೊಂದರಿಂದ ಹನ್ನೆರಡೂಕಾಲು: ಕೆಂಪು’ ಎಂದು ಬರೆದು ಲತೇಶನ ಕೈಗಿತ್ತರು.

“ನೀವು ಬರಲ್ವಾ?” ಎಂದೆ.

“ನನಗೆ ಒಳಗಿನ ಎಸಿ ಆಗುದಿಲ್ಲ.”

ಉಣ್ಣೆಯ ಕೋಟು ತೊಟ್ಟವರಿಗೆ ಎಸಿ ಆಗುವುದಿಲ್ಲ! ಲತೇಶ್ ಒಳಗೆ ಹೋದ. ನಾವಿಬ್ಬರೂ ನೀರು ನೋಡುತ್ತ ಕೂತೆವು. ನಾನು ನೀರನ್ನು ನೋಡಲಿಲ್ಲ, ಅವರನ್ನೇ ನೋಡುತ್ತಿದ್ದೆ. ಬಾಗಿಲ ಬಳಿಯ ಸೆಕ್ಯುರಿಟಿಯವನು ಈ ಕಡೆ ತಿರುಗಿದಾಗಲೆಲ್ಲ ಮಾವ ಪಂಚಾಂಗವನ್ನು ಮುಖಕ್ಕೆ ಏರಿಸುತ್ತಿದ್ದರು. ಮೂರು ಸಲ ಹಾಗಾಯಿತು. ಈ ಮನುಷ್ಯನಿಗೆ ಲತೇಶನ ದುಡ್ಡು ಬೇಕಿಲ್ಲ, ಲತೇಶನ ಕೈ ಬೇಕು ಎಂದು ಅಲ್ಲಿ ಕೂತಾಗ ನನಗೆ ಖಚಿತವಾಯಿತು. ಆದರೆ ಏಕೆಂದು ಹೊಳೆಯಲಿಲ್ಲ.

ಹನ್ನೆರಡು ದಾಟಿದ ಮೇಲೆ ಲತೇಶ್ ಓಡಿಕೊಂಡೇ ಬಂದ, ಮುಖವೆಲ್ಲ ಬೆವರು. ಎರಡು ಸಾವಿರ ಮೂರು ಸಾವಿರದ ಇನ್ನೂರಾಗಿತ್ತು.

“ರೆಡ್, ರೆಡ್, ರೆಡ್! ಮಾವ, ನೆಕ್ಸ್ಟ್ ಟೈಮಿಂಗ್ ಹೇಳಿ. ನಾನು ಪೂರ್ತಿ ಟ್ರಾನ್ಸ್‌ಫರ್ ಮಾಡಿ ಬಿಡ್ತೇನೆ.” ಫೋನಿನಲ್ಲಿ ಬ್ಯಾಂಕಿನ ಪುಟ ಆಗಲೇ ತೆರೆದಿತ್ತು. ನಿರೀಕ್ಷಾಳ ಆರು ವರ್ಷದ ಶನಿವಾರಗಳು ಆ ಪುಟದಲ್ಲಿದ್ದವು. ಕಿತ್ತುಕೊಳ್ಳಲು ಕೈ ಚಾಚಿದೆ, ಅವನು ಹಿಂದೆ ಸರಿದ. ಬೈಗುಳ ಮುಗಿದಿತ್ತು, ಲೆಕ್ಕ ಮುಗಿದಿತ್ತು. ಏನೂ ತೋಚದೆ ನಾನು ಮಾವನ ಕಡೆಗೇ ತಿರುಗಿದೆ.

“ಲತೇಶ, ಹಸಿರು ಬಂತಾ?”

“ಎರಡು ಸಲ ಬಂತು. ಅದು ಬಿಡಿ ಭಾವ.”

“ಮಾವ, ಪಂಚಾಂಗ ನೋಡಿ ಹೇಳಿ. ಹಸಿರು ಕೋಳಿ ಗೆಲ್ಲೋದು ಯಾವ ನಕ್ಷತ್ರಕ್ಕೆ?”

ಕಾಂತಪ್ಪನವರು ಬಾಯಿ ತೆರೆದರು. ಅದು ಲೆಕ್ಕಕ್ಕೆ ಇಲ್ಲ ಎನ್ನುತ್ತಾರೆಂದು ನಾನು ಕಾದೆ. ಅವರು ಪಂಚಾಂಗದ ಒಂದು ಪುಟ ತಿರುವಿದರು, ಮತ್ತೊಂದು ತಿರುವಿದರು.

“ಅಂಕದಲ್ಲಿ ಎರಡೇ ಕೋಳಿ,” ಎಂದೆ. “ಒಂದು ಸತ್ರೆ ಇನ್ನೊಂದು ಗೆಲ್ಲುತ್ತೆ. ಇಲ್ಲಿ ಮೂರನೇದು ಒಂದಿದೆ. ಅದು ಕ್ಯಾಸಿನೋದವರದ್ದು. ನಿಮ್ಮ ಎರಡೂ ಕೋಳಿ ಸತ್ರೆ ಅದು ಗೆಲ್ಲುತ್ತೆ, ಅದರ ಕಾಲಿಗೆ ಯಾರೂ ಬಾಳು ಕಟ್ಟೋ ಹಾಗಿಲ್ಲ.”

ಲತೇಶ್ “ಮಾವ, ಟೈಮ್” ಎಂದು ಎರಡು ಸಲ ಅವಸರಪಡಿಸಿದ. ಅವನ ಹೆಬ್ಬೆರಳು ಫೋನಿನ ಮೇಲೆಯೇ ಇತ್ತು. ಮಾವ ಅದನ್ನು ನೋಡಿದರು. ಆಮೇಲೆ ಕೋಟಿನ ಎಡಜೇಬನ್ನು ಬಾಯಿಗೆತ್ತಿಕೊಂಡು, ಪ್ರಫುಲ್ಲಾ ಅತ್ತೆ ಹಾಕಿದ ಹೊಲಿಗೆಯನ್ನು ಹಲ್ಲಿನಿಂದ ಕಡಿದು, ನಾಲ್ಕಾಗಿ ಮಡಿಚಿದ ಒಂದು ಕಾಗದ ತೆಗೆದು ಲತೇಶನ ಫೋನಿನ ಮೇಲೆ ಇಟ್ಟರು. ಮೇಲುಗಡೆ ಅವರದೇ ಫೋಟೋ. ಇವರು ತಾವಾಗಿ ಕೇಳಿಕೊಂಡು ಜೂಜಿನ ಜಾಗಗಳಿಂದ ಹೊರಗಿದ್ದಾರೆ, ಇವರನ್ನು ಒಳಗೆ ಬಿಡಕೂಡದು ಎಂಬ ಒಪ್ಪಂದ. ನಾಲ್ಕು ವರ್ಷದ ಹಿಂದಿನ ತಾರೀಕು.

“ಓದು,” ಎಂದರು. “ಒಳಗೆ ಹೋಗ್ತಿದ್ದಾಗ ಒಂದು ತಿಂಗಳೂ ಗೆದ್ದದ್ದಿಲ್ಲ ನಾನು. ನಮ್ಮ ಸ್ವಂತ ಮನೆ ಹೋಯ್ತು. ಪ್ರಫುಲ್ಲ ಅಳ್ಲಿಲ್ಲ, ಸೈನ್ ಹಾಕಿ ಅಂದ್ಲು, ಹಾಕಿದೆ. ನಾನು ಬಿಸಾಡದ ಹಾಗೆ ಜೇಬಿಗಿಟ್ಟು ಹೊಲಿದ್ಲು. ಗೆದ್ದದ್ದೆಲ್ಲ ಈ ಬೆಂಚಿನ ಮೇಲೆ ಕೂತು. ಫೋನಿನಲ್ಲಿ ಯಾವುದೋ ಊರಿನ ಚಕ್ರ ತಿರುಗುವುದನ್ನು ನೋಡುದು, ಬರೆಯುದು. ನನ್ನ ಬುಕ್ಕಿನಲ್ಲಿ ದುಡ್ಡಿಲ್ಲ ಮಗ, ಬರೀ ಗೆಲುವು. ಒಂದು ಸಲ ಒಳಗೆ ಸರಿಯಾಗ್ತದಾ ನೋಡ್ಬೇಕಿತ್ತು. ನಿನ್ನ ಕೈಯಿಂದ. ತಪ್ಪು ಮಾಡಿದೆ. ಮನೆಗೆ ಹೋಗು.”

ಲತೇಶ್ ಕಾಗದವನ್ನು ಎರಡು ಸಲ ಓದಿದ. ಬೆಂಚಿನ ತುದಿಯಲ್ಲಿ ಕೂತು, ಮುಖ ಮುಚ್ಚಿಕೊಂಡು, ಅತ್ತೇಬಿಟ್ಟ. ಅಷ್ಟು ದಿನ ಅನುಮಾನಿಸಿದ ಮನುಷ್ಯನ ಕಾಲು ಹಿಡಿಯಬೇಕೋ ಕತ್ತು ಹಿಡಿಯಬೇಕೋ ತಿಳಿಯದೆ ನಿಂತಿದ್ದೆ. ಅದೇ ಹೊತ್ತಿಗೆ ಕಾಂತಪ್ಪನವರು ನೋಟ್‌ಬುಕ್ಕು ತೆಗೆದು, ಮುತ್ತಿನಂಥ ಅಕ್ಷರದಲ್ಲಿ, ‘ಕೆಂಪು, ಗೆಲುವು’ ಎಂದು ಬರೆದುಕೊಳ್ಳುತ್ತಿದ್ದರು.

ಆ ಎಂಬತ್ತು ಸಾವಿರ ಬ್ಯಾಂಕಿನಲ್ಲಿ ಹಾಗೆಯೇ ಇದೆ. ಲತೇಶ್ ನಡೆದದ್ದನ್ನೆಲ್ಲ ನಿರೀಕ್ಷಾಳಿಗೆ ಹೇಳಿದ. ಅವಳು ಒಂದು ವಾರ ಮಾತು ಬಿಟ್ಟಳು, ಆಮೇಲೆ ಪಾಸ್‌ವರ್ಡ್ ಬದಲಾಯಿಸಿ ಮಾತಾಡತೊಡಗಿದಳು. ಅವರಿನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ.

ಮೊನ್ನೆ ಭಾನುವಾರ ಮಾವನ ಫೋನ್ ಬಂತು. ಜೇಬನ್ನು ಅತ್ತೆ ಮತ್ತೆ ಹೊಲಿದರಂತೆ, ಈ ಸಲ ಎರಡೆಳೆ ದಾರದಲ್ಲಿ. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ ದನಿ ತಗ್ಗಿಸಿದರು. “ಹರ್ಷ, ನೀನು ಹೇಳಿದ್ದನ್ನೇ ಯೋಚಿಸ್ತಿದ್ದೇನೆ. ಹಸಿರಿಗೆ ನಕ್ಷತ್ರ ಇಲ್ಲ, ಸರಿ. ಆದ್ರೆ ಅದು ಬರುದು ರಾಹುಕಾಲದಲ್ಲಿ ಇರ್ಬಹುದಾ? ಒಂದು ತಿಂಗಳು ಬರೆದು ನೋಡ್ತೇನೆ.”

ಜೂಜುಗಾರರನ್ನು ನಾವು ಸುಮ್ಮಸುಮ್ಮನೆ ನಂಬುವ ಮೂಢರೆಂದು ತಿಳಿಯುತ್ತೇವೆ. ನನ್ನ ಕಸುಬಿನ ಆಣೆಯಾಗಿ ಹೇಳುತ್ತೇನೆ, ಅವರಷ್ಟು ಅನುಮಾನದ ಜನ ಲೋಕದಲ್ಲಿಲ್ಲ. ಮೋಡವನ್ನು, ಗಡಿಯಾರವನ್ನು, ಸರಕಾರವನ್ನು, ಚಕ್ರ ತಿರುಗಿಸುವವಳ ಎಡಗೈಯನ್ನು, ಕೊನೆಗೆ ತಮ್ಮ ಕೂಡು-ಕಳೆಯುವಿಕೆಯನ್ನೂ ಅವರು ಶಂಕಿಸಬಲ್ಲರು. ಗೆಲ್ಲುತ್ತೇನೆಂಬ ಒಂದನ್ನು ಮಾತ್ರ ಶಂಕಿಸಲಾರರು. ಅವರನ್ನು ಉಳಿಸುವುದು ನಮ್ಮ ಟಿಶ್ಯೂ ಕಾಗದದ ಲೆಕ್ಕವಲ್ಲ. ಅವರ ಮೇಲೆ ಎಳ್ಳಷ್ಟೂ ನಂಬಿಕೆ ಉಳಿದಿಲ್ಲದ ಒಬ್ಬರು ಮನೆಯಲ್ಲಿ ಕೂತು, ಅವರ ಜೇಬಿನ ಬಾಯಿಯನ್ನು ಮತ್ತೆ ಮತ್ತೆ ಹೊಲಿಯುತ್ತಿರಬೇಕು.