ಗಿರಣಿಯ ಅತ್ತೆಗೆ ತಕ್ಕ ಮುಖ

ಹೊಸಬರನ್ನು ಪರಿಚಯಿಸಿದಾಗ ಮಿನ್ಕಾ ಅವರು, ಮರ್ಯಾದೆಗೆ ಸಾಕಾಗುವುದಕ್ಕಿಂತ ಒಂದು ಗಳಿಗೆ ಹೆಚ್ಚಾಗಿಯೇ, ಅವರ ಮುಖ ನೋಡುತ್ತಿದ್ದರು. ಕೈ ಕುಲುಕಿ, ಕ್ಷೇಮ ವಿಚಾರಿಸಿ, ಎದುರಿನವರು ಹೊರಡಲು ತಿರುಗಿದ ಮೇಲೆ ಬೆನ್ನ ಹಿಂದಿನಿಂದ ತೀರ್ಪು ಬರುತ್ತಿತ್ತು: "ನೀವು ಪಾದ್ರಿಯ ತಮ್ಮ." ಇಲ್ಲವೇ, "ಸುಂಕದ ಸಾಹೇಬ. ಆದ್ರೆ ಮೈ ಸ್ವಲ್ಪ ಇಳೀಬೇಕು." ಹೊಸಬರು ತಬ್ಬಿಬ್ಬಾಗುತ್ತಿದ್ದರು. ಬಲ್ಗೇರಿಯದ ಬೆಟ್ಟದ ತಪ್ಪಲಿನ ಈ ಸಣ್ಣ ಊರಿನವರಾದ ನಾವು ನಗುತ್ತಿದ್ದೆವು. ನಮಗೆಲ್ಲ ಪಾತ್ರ ಹಂಚಿಕೆಯಾಗಿ ವರ್ಷಗಳೇ ಕಳೆದಿದ್ದವು.

ಪಾತ್ರಗಳೆಲ್ಲ ಒಂದೇ ಕಾದಂಬರಿಯವು. ನೀರಿನ ಗಿರಣಿಯೊಂದರ ಮನೆತನದ ಕಥೆ ಅದು. ನಮ್ಮ ಕಡೆ ಅದನ್ನು ಓದದವರಿಲ್ಲ, ಓದದವರೂ ಓದಿದ್ದೇವೆಂದೇ ಹೇಳುತ್ತಾರೆ. ಕಾಫಿ ಅಂಗಡಿಯ ತ್ಸಾನ್ಕೊನನ್ನು ಮಿನ್ಕಾ ಕುದುರೆ ಕಳ್ಳನನ್ನಾಗಿ ಮಾಡಿದ್ದರು. ಅವರ ಜೊತೆಯಲ್ಲೇ ಬೆಳೆದು, ಊರಿನ ಶಾಲೆಯಲ್ಲಿ ಪಾಠ ಹೇಳಿ ಮುದುಕನಾದ ನನಗೆ ಸಿಕ್ಕಿದ್ದು ಶವಯಾತ್ರೆಯಲ್ಲಿ ಕೊಡೆ ಹಿಡಿದು ನಡೆಯುವವನ ಪಾತ್ರ.

ಊರಿಗೆಲ್ಲ ಅವರು 'ಲೇಲ್ಯಾ', ಅಂದರೆ ಚಿಕ್ಕಮ್ಮ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ತೋಳು ಹೊಲಿಯುತ್ತ ಆಯುಷ್ಯ ಕಳೆದವರು. ತಮ್ಮ ಕಂದು ಕೋಟಿನ ಎರಡು ಜೇಬುಗಳನ್ನು ತಾವೇ ದೊಡ್ಡದು ಮಾಡಿಕೊಂಡಿದ್ದರು. ಒಂದರಲ್ಲಿ ಹೊಲಿಗೆ ಬಿಟ್ಟ ಅದೇ ಕಾದಂಬರಿ, ಇನ್ನೊಂದರಲ್ಲಿ ಹುರಿದ ಸೂರ್ಯಕಾಂತಿ ಬೀಜ. ನಡೆಯುತ್ತ ಮಾತಾಡುವುದು ಅವರಿಂದ ಆಗುತ್ತಿರಲಿಲ್ಲ. ಮಾತು ಬಂದರೆ ಕಾಲು ನಿಲ್ಲುತ್ತಿತ್ತು. ಹಾಗಾಗಿ ಅವರೊಡನೆ ಮೊಸರು ತರಲು ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಆಸೆ ಬಿಡಬೇಕಾಗಿತ್ತು. ಯಾರಾದರೂ ಕಾದಂಬರಿಯ ಬಗ್ಗೆ ಎದುರು ಹೇಳಿದರೆ ಒಂದೇ ಪ್ರಶ್ನೆ: "ನಿಧಾನಕ್ಕೆ ಓದಿದೀರಾ?" ಅದಕ್ಕೆ ಹೌದೆನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಆ ಕಾದಂಬರಿ ಸಿನಿಮಾ ಆಗುತ್ತಿದೆಯೆಂದು ಪತ್ರಿಕೆಯಲ್ಲಿ ನಟರ ಚಿತ್ರಗಳ ಸಮೇತ ಸುದ್ದಿ ಬಂದ ದಿನ, ಊರಿನ ಓದುಮನೆಯಲ್ಲಿ ನಮಗೆ ಓದಲು ಅವಕಾಶವಾಗಲಿಲ್ಲ. ಕೆಳಗೆ ಪುಸ್ತಕ, ಮೇಲೆ ರಂಗಸ್ಥಳ ಇರುವ ಆ ಹಳೆಯ ಕಟ್ಟಡದಲ್ಲಿ ಮಿನ್ಕಾ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ನಿಂತಿದ್ದರು.

"ಇವ್ನು ಗಿರಣಿ ಹುಡುಗನಂತೆ! ಈ ಮುಖಕ್ಕೆ ಹಿಟ್ಟು ಅಂಟುತ್ತೇನ್ರೀ? ಜಾರಿ ಬೀಳುತ್ತೆ."

"ಹುಡುಗೀರು ನೋಡ್ಲಿ ಅಂತ ಹಾಕಿರ್ತಾರೆ, ಲೇಲ್ಯಾ," ಎಂದ ತ್ಸಾನ್ಕೊ.

"ನೀನು ಸುಮ್ನಿರೋ, ಕುದುರೆ ಕಳ್ಳ."

ಎಲ್ಲಕ್ಕಿಂತ ಹೆಚ್ಚು ಕೋಪ ತರಿಸಿದ್ದು ಗಿರಣಿಯ ಅತ್ತೆಯ ಪಾತ್ರ. ಹಿಮ ಬೀಳುವ ಹೊತ್ತಿನಲ್ಲಿ ಸೊಸೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುವ ಆ ಹೆಂಗಸನ್ನು ಓದುಗರೆಲ್ಲ ಒಕ್ಕೊರಲಿನಿಂದ ಶಪಿಸುತ್ತಾರೆ. ಅದಕ್ಕೆ ಆರಿಸಿದ್ದು ಗಿಡುಗನ ಮೂಗಿನ, ಕುಳಿಗಣ್ಣಿನ ಒಬ್ಬ ನಟಿಯನ್ನು.

"ಇಂಥ ಮುಖ ಕಂಡ್ರೆ ಸೊಸೆ ಮದುವೆ ದಿನಾನೇ ಓಡಿಹೋಗ್ತಿದ್ಲು," ಎಂದರು ಮಿನ್ಕಾ. "ನೋಡಿದ್ರೆ ಮಗು ಎತ್ಕೋ ಅಂತ ಕೊಡಬೇಕು ಅನ್ನಿಸ್ಬೇಕು, ಅಂಥ ಮುಖ ಬೇಕು. ಅವಳು ಮಾಡಿದ್ದು ಮಗನ ಒಳ್ಳೇದಕ್ಕೆ ಅಂತ ಅವಳಿಗೇ ನಂಬಿಕೆ. ನಿಧಾನಕ್ಕೆ ಓದಿ."

ಈ ಅಭಿಪ್ರಾಯವನ್ನು ಅವರು ಎಷ್ಟು ಕಾಲದಿಂದ, ಎಷ್ಟು ಜನರ ಎದುರು ಸಾಧಿಸುತ್ತ ಬಂದಿದ್ದರೆಂದರೆ, ಚಿತ್ರತಂಡ ನಮ್ಮೂರ ಮೇಲಿನ ಹಳೆಯ ಗಿರಣಿಗೆ ಬಂದಿಳಿದಾಗ ಅದು ನಿರ್ದೇಶಕಿಯ ಕಿವಿಗೂ ಬಿತ್ತು. ಅಷ್ಟರಲ್ಲಿ ಅತ್ತೆಯ ಪಾತ್ರದ ಆ ನಟಿ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದರು. ಒಡಕು ದನಿಯ ಆ ನಿರ್ದೇಶಕಿ ಓದುಮನೆಗೆ ಬಂದು, ಮಿನ್ಕಾ ಅವರ ವಾದವನ್ನು ಪೂರ್ತಿ ಕೇಳಿ, ಅವರ ದುಂಡು ಮುಖವನ್ನೂ ಕೆನ್ನೆಯ ಗುಳಿಯನ್ನೂ ಸಾವಧಾನವಾಗಿ ನೋಡಿ ಹೇಳಿದರು: "ನೀವ್ ಹೇಳೋದು ಸರಿ. ನೀವೇ ಮಾಡಿ."

ತ್ಸಾನ್ಕೊ ಮೇಜು ಕುಟ್ಟಿ ನಕ್ಕ. ಮಿನ್ಕಾ ನಗಲಿಲ್ಲ. ಅವರಿಗೆ ಮನೆಯಲ್ಲಿ ಸೊಸೆಯಿದ್ದಳು, ಎಲಿತ್ಸಾ. ಮದುವೆಯಾದ ಮೊದಲ ಚಳಿಗಾಲ ಅವಳು ತವರಿನಲ್ಲಿ ಕಳೆದದ್ದು ಊರಿಗೆಲ್ಲ ತಿಳಿದಿತ್ತು. ಯಾಕೆಂದು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಮೊಮ್ಮಗಳು ಹುಟ್ಟಿದ ಮೇಲೆ ಆ ಮನೆಯಲ್ಲಿ ನೆಮ್ಮದಿ ಮೆಲ್ಲಮೆಲ್ಲನೆ ಬೇರೂರಿತ್ತು. ಪಾತ್ರ ಒಪ್ಪಿದರೆ ಆ ನೆಮ್ಮದಿಯನ್ನು ಪರದೆಯ ಮೇಲಿಟ್ಟು ಅಲುಗಾಡಿಸಿದಂತೆ. ಒಪ್ಪದಿದ್ದರೆ ಜನ್ಮವಿಡೀ ಆಡಿದ ಮಾತನ್ನು ನುಂಗಿದಂತೆ. "ಮನೇಲಿ ಕೇಳ್ಬೇಕು," ಎಂದಷ್ಟೇ ಹೇಳಿ ಎದ್ದರು.

ಕೇಳಿದಾಗ ನಾನು ಅಲ್ಲೇ ಇದ್ದೆ. ಎಲಿತ್ಸಾ ನನಗೆ ಬನಿತ್ಸಾ ಬಡಿಸುತ್ತಿದ್ದಳು, ಚೀಸ್ ತುಂಬಿದ ಬಿಸಿಬಿಸಿ ಪದರ ರೊಟ್ಟಿ. ಅವಳು ಕೈ ನಿಲ್ಲಿಸದೆ ಹೇಳಿದಳು: "ಮಾಡಿ ಅಮ್ಮಾ. ಊರವ್ರು ಹೇಗೂ ಆಡ್ಕೋತಾರೆ. ಈ ಸಲ ಟಿಕೆಟ್ ತಗೊಂಡು ಆಡ್ಕೊಳ್ಲಿ."

ಚಿತ್ರೀಕರಣದ ದಿನ ಮಿನ್ಕಾ ಚಿತ್ರತಂಡ ಕೊಟ್ಟ ಕಪ್ಪು ಉಡುಪನ್ನು ನಿರಾಕರಿಸಿ, ತಮ್ಮ ಮನೆಯ ಇಸ್ತ್ರಿ ಮಾಡಿದ ಬಿಳಿ ಏಪ್ರನ್ನನ್ನೇ ಕಟ್ಟಿಕೊಂಡರು. ಸೊಸೆಯ ಪಾತ್ರದ ಹುಡುಗಿಯ ಹೆಗಲಿಗೆ ಶಾಲು ಹೊದಿಸಿ, ಹೊರಗೆ ಬಿಟ್ಟು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು. ಆಮೇಲೆ, ಯಾರೂ ಹೇಳದಿದ್ದರೂ, ಮೊಣಕಾಲೂರಿ ಒಂದು ಹಳೆಯ ಬಟ್ಟೆಯನ್ನು ಸುರುಳಿ ಸುತ್ತಿ, ಚಳಿ ಒಳಗೆ ಬಾರದಂತೆ ಬಾಗಿಲ ಕೆಳಗಿನ ಸಂದಿಗೆ ಒತ್ತಿದರು. ಒತ್ತಿ, ಎದ್ದು, ನಾದಿದ ಹಿಟ್ಟಿನ ಕಡೆಗೆ ಹೋದರು. ನಾನು ಜನರ ನಡುವೆ ನಿಂತು ನೋಡುತ್ತಿದ್ದೆ.

ಸಿನಿಮಾ ತಯಾರಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಓದುಮನೆಯ ಮಹಡಿಯಲ್ಲಿ ಚಿತ್ರ ತೋರಿಸಿದರು. ಆ ದೃಶ್ಯ ಬಂದಾಗ ಬೀಜ ಕಡಿಯುವ ಸದ್ದು ನಿಂತಿತು. ಮುಗಿದ ಮೇಲೆ ಕೋಟು ತೆಗೆದುಕೊಳ್ಳುವ ಸಾಲಿನಲ್ಲಿ ಜನ ಮಿನ್ಕಾ ಅವರನ್ನು ಹೊಗಳಿದರು, ಆದರೆ ಒಂದು ಹೆಜ್ಜೆ ದೂರ ನಿಂತು. ನನ್ನ ಮುಂದೆಯೇ ಅತ್ತೆ ಸೊಸೆ ಇದ್ದರು.

"ಆ ಬಟ್ಟೆ ಪುಸ್ತಕದಲ್ಲಿಲ್ಲ ಅಮ್ಮಾ," ಎಂದಳು ಎಲಿತ್ಸಾ ಮೆಲ್ಲಗೆ.

"ಇಲ್ಲ."

"ನಮ್ಮನೇದು."

"ಹೂಂ. ನಮ್ಮನೇದೇ."

ಸಾಲು ಸ್ವಲ್ಪ ಮುಂದೆ ಸರಿಯಿತು.

"ಹೊರಗೆ ನಿಂತವ್ರಿಗೆ ಅದು ಹೇಗ್ ಕಾಣತ್ತೆ ಗೊತ್ತಾ? ಬಾಗಿಲ ಕೆಳಗಿನ ಬೆಳಕು ಇದ್ದಕ್ಕಿದ್ದ ಹಾಗೆ ಆರಿಹೋಗತ್ತೆ."

ಮಿನ್ಕಾ ಬಹಳ ಹೊತ್ತು ಅವಳ ಮುಖ ನೋಡಿದರು. "ಅದು ನಂಗೊತ್ತಿರ್ಲಿಲ್ಲ ಕಣೇ," ಎಂದರು. ಎಲಿತ್ಸಾ ಕಂದು ಕೋಟನ್ನು ಬಿಡಿಸಿ ಹಿಡಿದಳು. ಅತ್ತೆ ಒಂದೊಂದೇ ತೋಳು ತೂರಿಸಿದರು.

ಪಾತ್ರಕ್ಕೆ ಮುಖ ಹುಡುಕುವ ಓದುಗರು ಎಲ್ಲ ಊರುಗಳಲ್ಲೂ ಇದ್ದಾರೆ. ಸಿನಿಮಾದವರಿಗೆ ಅವರೊಂದು ಕಾಟ, ನೆರೆಹೊರೆಗೆ ಒಂದು ತಮಾಷೆ. ಆ ನಟ ಸಲ್ಲ, ಈ ನಟಿ ಸಲ್ಲ ಎಂದು ಅವರು ಹಟ ಹಿಡಿದಾಗ, ಪುಸ್ತಕದ ಮಾನ ಕಾಯುತ್ತಿದ್ದಾರೆಂದು ನಾವು ಭಾವಿಸುತ್ತೇವೆ. ಆದರೆ ಒಂದೇ ಕಥೆಯನ್ನು ಅಷ್ಟು ಸಲ, ಅಷ್ಟು ನಿಧಾನವಾಗಿ ಓದಿದವರು ಯಾವುದೋ ಒಂದು ಪುಟದಲ್ಲಿ ತಮ್ಮನ್ನೇ ಕಂಡು, ಯಾರಿಗೂ ಹೇಳದೆ ಪುಟ ಮಗುಚಿರುತ್ತಾರೆ. ಆ ಪುಟಕ್ಕೆ ಸುಳ್ಳು ಮುಖ ಬರುವುದನ್ನು ಅವರು ತಾಳಲಾರರು. ನಿಜವಾದ ಮುಖ ಯಾರದೆಂದು ಹೇಳಲಾರರು.